ಕೆಂಪವ್ವ ಕೊರೆದ ಶಿಕ್ಕಾ

ಮೂಡಲಗಿಯಲ್ಲಿ ಕಚೇರಿಯ ಎದುರು ಒಂದು ಗೂಡಂಗಡಿ. ನಾಗನೂರಿನ ಬೀರಸಿದ್ದಪ್ಪ ಅಲ್ಲಿ ಇಪ್ಪತ್ತೆರಡು ವರ್ಷ ಕೂತು ರಬ್ಬರಿನ ಶಿಕ್ಕಾ, ಅಂದರೆ ಮೊಹರು, ಕೊರೆದ. ಅಣ್ಣತಮ್ಮಂದಿರು ಕುರಿ ಹಿಂದೆ ಹೋದರು, ಇವನು ಬ್ಲೇಡು ಹಿಡಿದ. ಗೋಕಾಕದಲ್ಲಿ ಶಿಕ್ಕಾ ಮಾಡುವ ಮಷೀನು ಬಂದ ಮೇಲೂ ಕೈಯಲ್ಲೇ ಕೊರೆದ.

ಹೆಂಡತಿ ಕೆಂಪವ್ವ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಗಂಡನ ಬಾಜೂ ಕೂತು ಕೊರೆಯುವುದು ಕಲಿತಳು. ಅಕ್ಷರ ಗುರುತು ಸಿಕ್ಕಿದ್ದು ರಬ್ಬರಿನ ಮೇಲೆ, ತಿರುಗುಮುರುಗಾಗಿ. ಕಾಗದದ ಮೇಲಿನ ನೆಟ್ಟಗಿನ ಬರಹ ಓದಲು ಬಾರದು.

"ಸರಕಾರಿ ಶಿಕ್ಕಾ ಇದ್ರ ಆಫೀಸಿನ ಪತ್ರ ಓದದೆ ಕೈ ಹಚ್ಚಬ್ಯಾಡ" ಎನ್ನುತ್ತಿದ್ದ ಅವನು.

"ನನಗ ಓದಾಕ ಯಾವ ಮಾಸ್ತರ ಕಲಿಸ್ಯಾನ?" ಎಂದು ಇವಳು ನಗುತ್ತಿದ್ದಳು.

ಹೋದ ವರ್ಷ ಬೀರಸಿದ್ದಪ್ಪ ಎದೆನೋವಿನಿಂದ ಗೋಕಾಕದ ದವಾಖಾನೆಯಲ್ಲಿದ್ದ. ಆಗ ಹುಕ್ಕೇರಿ ಕಡೆಯವನೊಬ್ಬ ಅಂಗಡಿಗೆ ಬಂದ. ಪಂಚಾಯ್ತಿ ಶಿಕ್ಕಾ ಸವೆದಿದೆ, ಹೊಸದು ಬೇಕು ಎಂದು ಪತ್ರ ಕೊಟ್ಟ. ಅದರ ಮೇಲೆ ನೀಲಿ ಶಿಕ್ಕಾ ಇತ್ತು. ಕೆಂಪವ್ವ ನಂಬಿ ಕೊರೆದುಕೊಟ್ಟಳು. ಅವನು ಕೊಟ್ಟ ಪತ್ರ ಯಾವುದೋ ಹಳೆಯ ನೀರಿನ ಕರದ ನೋಟೀಸು ಎಂದು ಆಮೇಲೆ ತಿಳಿಯಿತು.

ಆ ಶಿಕ್ಕಾ ಒತ್ತಿ ಅವನು, ಬದುಕಿದ್ದ ತನ್ನ ಅತ್ತಿಗೆಯನ್ನು ಸತ್ತಳೆಂದು ತೋರಿಸಿ ಅವಳ ಹೊಲ ಲಪಟಾಯಿಸಿದ.

ಪೊಲೀಸರು ಬರುವಷ್ಟರಲ್ಲಿ ಬೀರಸಿದ್ದಪ್ಪ ದವಾಖಾನೆಯಿಂದ ಮನೆಗೆ ಬಂದಿದ್ದ. ಕೆಂಪವ್ವ ಬಾಯಿ ತೆರೆಯುವುದರೊಳಗೆ ಅವನು ಎದ್ದ. "ನಾನ ಕೊರದೇನ್ರಿ" ಎಂದ. ಹೆಂಡತಿಗೆ, "ನೀ ಒಳಗ ನಡಿ."

ಯಾವ ದಿನ ಕೊರೆದದ್ದೆಂದು ಕೇಳದೆ ಅವನನ್ನೇ ಹಿಡಿದೊಯ್ದರು. ಜಾಮೀನಿನ ಮೇಲೆ ಬಂದ. ಊರಲ್ಲಿ ಕಳ್ಳಶಿಕ್ಕಾದವ ಎಂದರು. ನಲವತ್ತು ದಿನಕ್ಕೆ ಸತ್ತ. ಮಣ್ಣಿಗೆ ಬಂದವರು ಎಂಟು ಜನ.

ತಿಂಗಳಾದ ಮೇಲೆ ಹವಾಲ್ದಾರ ಕಾಗದ ಹಿಡಿದು ಬಂದ.

"ನಿಮ್ಮ ಯಜಮಾನ್ರ ಕೊರದಾರಂತ ಹೆಬ್ಬೆಟ್ಟು ಒತ್ತ್ರಿ ಯವ್ವಾ. ಅವರ ಮ್ಯಾಲಿನ ಕೇಸ ಮುಗೀತೈತಿ."

"ಒತ್ತಿದ್ರ ನನ ಗಂಡ ಕಳ್ಳ ಅಂತ ಉಳೀತೈತಿ."

"ಸತ್ತಾವರಿಗೆ ಏನ ಆಕ್ಕೈತ್ರಿ? ನೀವು ಬದುಕಬೇಕಲ್ಲ."

"ಅದನ ಕೊರದಾಕಿ ನಾನು. ಹಂಗ ಬರೀರಿ."

"ದುಃಖಕ್ಕ ತಲಿ ಕೆಟ್ಟೈತೇನ್ರಿ? ಸಾಲಿ ಕಲೀದಾಕಿ ಶಿಕ್ಕಾ ಕೊರೀತಾಳಂದ್ರ ಯಾರ ನಂಬ್ತಾರ?"

ಕೆಂಪವ್ವ ರಬ್ಬರು, ಬ್ಲೇಡು ತಂದು ಅವನ ಎದುರೇ ಕೂತಳು. ಆ ಪಂಚಾಯ್ತಿಯ ಹೆಸರನ್ನು ಒಂದೂ ತಪ್ಪಿಲ್ಲದೆ ಕೊರೆದಳು. ಹವಾಲ್ದಾರ ಬೆವರು ಒರೆಸಿಕೊಂಡ.

"ಒಳಗ ಹಾಕ್ತಾರ ಯವ್ವಾ."

"ಹಾಕ್ಲಿ."

ಅವನು ಹಳೆಯ ಕಾಗದ ಹರಿದು ಹೊಸದು ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು. ಸೋಮವಾರ ಕೋರ್ಟಿಗೆ ಬರಲು ಹೇಳಿ ಹೋದ.

ಕೆಂಪವ್ವ ಮನೆಯಲ್ಲಿದ್ದ ಎರಡು ಆಡು ಹಿಡಿದುಕೊಂಡು ನಾದಿನಿ ಕಾಡವ್ವನ ಮನೆಗೆ ಬಿಟ್ಟುಬರಲು ನಡೆದಳು.