ಮದುಮಗನ ಹೊಟ್ಟೆಯ ಮೇಲೆ ಲಿವರ್

ಎಂಬಿಬಿಎಸ್ ಮೊದಲ ವರ್ಷದ ಅನಾಟಮಿ ಪ್ರಾಕ್ಟಿಕಲ್‌ನಲ್ಲಿ ನಾನು ಡುಮ್ಕಿ ಹೊಡೆದೆ. ಹೆಣದ ಮುಂದೆ ನಿಂತರೆ ಎಲ್ಲವೂ ಪಟಪಟ ನೆನಪಿಗೆ ಬರುತ್ತಿತ್ತು. ಆದರೆ ಪರೀಕ್ಷೆಯ ದಿನ ಜೀವಂತ ಮನುಷ್ಯನೊಬ್ಬನನ್ನು ಮಲಗಿಸಿ, ಒಳಗಿನ ಲಿವರ್ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೆ, ಹೊಟ್ಟೆಯ ಮೇಲೆ ಗೆರೆ ಎಳೆದು ತೋರಿಸು ಎಂದರು. ಆ ಮನುಷ್ಯ ನನ್ನನ್ನು ನೋಡಿ ನಕ್ಕುಬಿಟ್ಟ. ಹೆಣ ಯಾವತ್ತೂ ನಕ್ಕಿರಲಿಲ್ಲ. ನನ್ನ ತಲೆ ಪೂರಾ ಖಾಲಿಯಾಯಿತು.

ಮರುಪರೀಕ್ಷೆಗೆ ಇನ್ನು ಎಂಟು ದಿನ ಇದೆ ಎನ್ನುವಾಗ ಹಾನಗಲ್ಲಿನ ನಮ್ಮ ಮನೆಯಲ್ಲಿ ಅಣ್ಣನ ಮದುವೆ. ಅಣ್ಣನಿಗೆ ವಯಸ್ಸು ಮೂವತ್ತೆರಡು ದಾಟಿತ್ತು. ಆರು ಕಡೆ ಹೆಣ್ಣು ನೋಡಿ ಬಂದು, ಆರೂ ಕಡೆಯಿಂದ "ಆಮ್ಯಾಲೆ ತಿಳಸ್ತೇವ್ರಿ" ಅನ್ನಿಸಿಕೊಂಡಿದ್ದ. ಏಳನೆಯವಳು ಹಿರೇಕೆರೂರಿನ ಹುಡುಗಿ, ಅಲ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದವಳು. ಆಕೆ ಹೂಂ ಅಂದದ್ದೇ ತಡ, ಅವ್ವ ದೇವರ ಮುಂದೆ ಕೂತಾಗಲೆಲ್ಲ, "ಇದೊಂದು ತಪ್ಪಿಸಬ್ಯಾಡೋ ನಮ್ಮಪ್ಪಾ" ಎಂದು ಗಲ್ಲ ಬಡಿದುಕೊಳ್ಳುತ್ತಿದ್ದಳು. ಅಪ್ಪ ಮಾತ್ರ ಬೀಗರ ಮುಂದೆ ದೊಡ್ಡಸ್ತಿಕೆ ಬಿಡಲಿಲ್ಲ. "ನಮ್ಮ ಮನ್ಯಾಗ ಡಾಕ್ಟರ್ ಅದಾಳ್ರಿ" ಎಂದು ಹೋದಲ್ಲೆಲ್ಲ ಹೇಳಿದ್ದೇ ಹೇಳಿದ್ದು. ಡಾಕ್ಟರ್ ಅಂದರೆ ನಾನು, ಫೇಲಾದವಳು.

ಮದುವೆಯ ಹಿಂದಿನ ದಿನ ಅರಿಶಿನ ಹಚ್ಚಿ, ಕಂಕಣ ಕಟ್ಟಿದರು. ಅರಿಶಿನ ಹಚ್ಚಿದ ಮೇಲೆ ಮದುಮಗ ಹೊಸ್ತಿಲು ದಾಟುವಂತಿಲ್ಲ. ಇಡೀ ಮನೆ ಓಡಾಡಿ ಸಾಯುತ್ತಿರುವಾಗ ಅಣ್ಣನೊಬ್ಬ ಒಳಕೋಣೆಯಲ್ಲಿ ಸುಮ್ಮನೆ ಫೋನ್ ನೋಡುತ್ತ ಕೂತಿದ್ದ. ಅಂಥ ಹೊಟ್ಟೆ ನನಗೆ ಮತ್ತೆಲ್ಲಿ ಸಿಗಬೇಕು?

"ಅಣ್ಣಾ, ಒಂದ ಹತ್ತು ನಿಮಿಷ ಅಂಗಿ ತಗದು ನಿಂದ್ರು."

"ಕಚಗುಳಿ ಆಗತೈತೇನ?"

"ಆದ್ರ ತಡಕೋ."

ಆಯೇರಿಗೆಂದು ತಂದ ಉಡುಗೊರೆ ಬಟ್ಟೆ ಗಂಟುಗಳ ಮೇಲೆ ಹೆಸರು ಬರೆಯಲು ತಂದಿದ್ದ ನೀಲಿ ಮಾರ್ಕರ್ ಅಲ್ಲೇ ಬಿದ್ದಿತ್ತು. ಅವನನ್ನು ಎದುರಿಗೆ ನಿಲ್ಲಿಸಿಕೊಂಡು, ಪುಸ್ತಕದ ಸಾಲುಗಳನ್ನು ಜೋರಾಗಿ ಓದುತ್ತ ಬರೆದೇ ಬರೆದೆ. ಲಿವರಿನ ಕೆಳಗಿನ ಅಂಚಿಗೆ ಚುಕ್ಕೆ ಚುಕ್ಕೆಯ ಗೆರೆ, ಪಿತ್ತಕೋಶಕ್ಕೊಂದು ಸೊನ್ನೆ, ಅಪೆಂಡಿಕ್ಸ್‌ಗೆ ಅಡ್ಡ ಉದ್ದ ಎರಡು ಗೀಟು. ಅರಿಶಿನದ ಮೈಮೇಲೆ ನೀಲಿ ಬಣ್ಣ ಏನು ಚೆಂದ ಎದ್ದು ಕಂಡಿತು! ನನ್ನ ಬಗ್ಗೆ ನನಗೇ ಹೆಮ್ಮೆಯೆನಿಸಿತು.

ಬೆಳಿಗ್ಗೆ ನೋಡಿದರೆ ಅದು ಹೋಗುವ ಬಣ್ಣವೇ ಅಲ್ಲ. ಸಾಬೂನು, ಕೊಬ್ಬರಿ ಎಣ್ಣೆ, ಕಡೆಗೆ ಪಾತ್ರೆ ತಿಕ್ಕುವ ನಾರು ಕೂಡ ಹಾಕಿ ತಿಕ್ಕಿದೆ. ಅಣ್ಣನ ಚರ್ಮ ಕೆಂಪಾಯಿತೇ ಹೊರತು ಲಿವರ್ ಕದಲಲಿಲ್ಲ. ಮುಚ್ಚಲೆಂದು ಅದರ ಮೇಲೆ ಮತ್ತೆ ದಪ್ಪಗೆ ಅರಿಶಿನ ಮೆತ್ತಿದೆ. "ಬಿಡಽ, ಬನಿಯನ್ ಇರತೈತಿ" ಎಂದ ಪಾಪ.

ಮದುವೆ ಹಾಲಿನಲ್ಲಿ ಮೊದಲು ಸುರಿಗಿ ಶಾಸ್ತ್ರ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಮದುಮಕ್ಕಳಿಬ್ಬರನ್ನೂ ಮಣೆಯ ಮೇಲೆ ಕೂರಿಸಿ ನೀರೆರೆಯುತ್ತಾರೆ. ನಮ್ಮ ದೊಡ್ಡವ್ವ ಬಂದವಳೇ, "ಬನಿಯನ್ ಮ್ಯಾಲೆ ಯಾರರ ಸುರಿಗಿ ಹಾಕ್ಕೋತಾರೇನೋ, ಹುಚ್ಚಪ್ಪಾ" ಎಂದು ಅದನ್ನು ಎಳೆದು ತೆಗೆದಳು. ಮೊದಲ ತಂಬಿಗೆ ನೀರು ಬಿದ್ದಿತು. ಅರಿಶಿನ ತೊಳೆದು ಹೋಗಿ ನೀಲಿ ಗೆರೆ ಫಳಫಳ ಹೊಳೆಯಿತು.

ಹುಡುಗಿಯ ಸೋದರಮಾವ ಅಲ್ಲೇ ನಿಂತಿದ್ದರು. ರಟ್ಟೀಹಳ್ಳಿಯವರು, ಹಿಂದಿನ ವರ್ಷ ಹೊಟ್ಟೆ ಕೊಯ್ಸಿ ಪಿತ್ತಕೋಶ ತೆಗೆಸಿಕೊಂಡವರು. ಅಂದಿನಿಂದ ಆ ಕಥೆ ಬಿಟ್ಟು ಬೇರೆ ಮಾತೇ ಆಡದವರು.

"ತಡೀರಿ! ನೀರ ಹಾಕಬ್ಯಾಡ್ರಿ! ಇದು ಆಪರೇಷನ್ ಗುರ್ತ ಐತ್ರಿ. ನನಗೂ ಹಿಂಗ ಪೆನ್ನಿಲೆ ಗೆರಿ ಹೊಡದು ಅದರ ಮ್ಯಾಲೇ ಕೊಯ್ದ್ರು. ಹುಡುಗನ ಹೊಟ್ಟ್ಯಾಗ ಏನೋ ಐತಿ, ಮುಚ್ಚಿಟ್ಟು ಲಗ್ನಾ ಮಾಡಾಕತ್ತಾರ!"

ವಾಲಗ ನಿಂತಿತು. ಹುಡುಗಿಯ ಅಪ್ಪ ನೀರೆರೆಯುವವಳ ಕೈಯಿಂದ ತಂಬಿಗೆ ಇಸಿದುಕೊಂಡು ಕೆಳಗಿಟ್ಟರು. "ಇದು ಬಗಿಹರಿಯೂತನಕ ಮುಂದಿನ ಶಾಸ್ತ್ರ ಬ್ಯಾಡ" ಎಂದರು. ಅವ್ವ, "ಕಲ್ಲ ತಿಂದು ಕಲ್ಲ ಅರಗಿಸಿಕೊಳ್ಳೋ ಮಗ ಅದಾನ್ರೀ ನಮ್ಮಾಂವ" ಎಂದು ಅಳತೊಡಗಿದಳು. ಅಣ್ಣ ತಣ್ಣೀರಲ್ಲಿ ನಡುಗುತ್ತ ನನ್ನ ಕಡೆ ನೋಡಿದ.

ನಾನೇ ಮುಂದೆ ಹೋಗಿ ಹೇಳಿದೆ. "ನಾನ ಬರದದ್ದು ಕಾಕಾರ, ಪರೀಕ್ಷಾಕ್ಕ ಕಲಿಯಾಕ ಅಂತ..."

"ಕೇಳಿದ್ರಿಲ್ಲ? ಡಾಕ್ಟರ್ ಹುಡುಗಿನ ಗುರ್ತು ಮಾಡ್ಯಾಳ! ಅಂದಮ್ಯಾಲೆ ಇದು ಸುಳ್ಳ ಹೆಂಗ ಆದೀತು?" ಎಂದು ಸೋದರಮಾವ ಇನ್ನೂ ಜೋರಾಗಿ ಒದರಿದರು.

ತಗೋ! ಅಪ್ಪ ಊರೂರಿಗೆ ಸಾರಿದ ದೊಡ್ಡಸ್ತಿಕೆ ಸರಿಯಾಗಿ ನಮ್ಮ ಕುತ್ತಿಗೆಗೇ ಬಂತು. ನಾನು ಬಾಯಿ ಬಿಟ್ಟಷ್ಟೂ ಮದುವೆ ಮುರಿಯುವ ಹಾಗಿತ್ತು.

ಆಗ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಹುಡುಗಿಯ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಎಲ್ಲರೂ ಲೊಚಗುಟ್ಟಿದರು. ಆಕೆ ಮುಖ ಎತ್ತಿದಾಗ ನೋಡಿದರೆ ನಗು ತಡೆಯಲಾಗದೆ ಒದ್ದಾಡುತ್ತಿದ್ದಳು.

"ಮಾವಾ, ಇವರ ಬಲಗೈ ಯಾವುದು?"

"ಕಂಕಣ ಕಟ್ಟಿದ್ದು. ಯಾಕ?"

"ಲಿವರು, ಪಿತ್ತಕೋಶ, ಅಪೆಂಡಿಕ್ಸು ಎಲ್ಲಾ ಆ ಕಡೆ ಇರತಾವ. ಇವರ ತಂಗಿ ಎಲ್ಲಾನೂ ಎಡಗಡೆ ಬರದಾರ. ದಿನಾ ಎಕ್ಸ್‌ರೇ ಮ್ಯಾಲೆ ಎಡಾ ಬಲಾ ಗುರ್ತು ಹಾಕೂದ ನನ್ನ ಕೆಲಸ. ಇದನ್ನ ನೋಡಿ ಯಾವ ಡಾಕ್ಟರ್ ಕೊಯ್ತಾನ? ಬೇಕಾದ್ರ ನಿಮ್ಮ ಹೊಲಿಗಿ ಯಾ ಕಡೆ ಐತಿ ನೋಡ್ಕೋರಿ."

ಮಾವ ಎಲ್ಲರೆದುರು ಅಂಗಿ ಎತ್ತಿದರು. ಹೊಲಿಗೆ ಬಲಗಡೆ ಇತ್ತು. ಇನ್ನೂರು ಜನ ಅವರ ಹೊಟ್ಟೆ ಒಮ್ಮೆ, ಅಣ್ಣನ ಹೊಟ್ಟೆ ಒಮ್ಮೆ ನೋಡಿದರು. ಆಗಲೇ ನನಗೂ ಹೊಳೆದದ್ದು. ಪುಸ್ತಕದಲ್ಲಿ ಬಲಗಡೆ ಎಂದಿತ್ತು, ನಾನು ಅಣ್ಣನ ಎದುರು ನಿಂತು ನನ್ನ ಬಲಗೈ ಕಡೆಗೆ ಬರೆದಿದ್ದೆ. ಅದು ಅವನಿಗೆ ಎಡ.

"ಅಂದ್ರ, ಈ ಹುಡುಗಿಗೆ ಏನೂ ಬರೂದಿಲ್ಲಂದಂಗಾತು" ಎಂದರು ಮಾವ.

"ಏನೂ ಬರೂದಿಲ್ಲ" ಎಂದಳು ಮದುಮಗಳು.

ಅಪ್ಪ ಎರಡೂ ಕೈ ಮುಗಿದು ನಡುವೆ ಬಂದ. "ಹೌದ್ರಿ! ನಮ್ಮ ಮಗಳಿಗೆ ಏನೂ ಬರೂದಿಲ್ರಿ! ದೇವರಾಣಿ, ಏನಂದ್ರ ಏನೂ ಬರೂದಿಲ್ರಿ!" ಅಪ್ಪ ಅಷ್ಟು ಖುಷಿಯಿಂದ ನನ್ನ ಬಗ್ಗೆ ಯಾವತ್ತೂ ಮಾತಾಡಿರಲಿಲ್ಲ. ಇಡೀ ಮದುವೆ ಹಾಲೇ ನಕ್ಕಿತು, ವಾಲಗ ಶುರುವಾಯಿತು, ತಂಬಿಗೆ ಮತ್ತೆ ಕೈಗೆ ಬಂತು. ಫೋಟೊದವನೊಬ್ಬ ಮಾತ್ರ ನನ್ನ ಹತ್ತಿರ ಬಂದು, "ಅಕ್ಕಾರ, ಆಲ್ಬಮ್‌ನ್ಯಾಗ ಅದನ್ನ ಅಳಸಲ್ಯೋ, ಇರಲ್ಯೋ?" ಎಂದು ಕೇಳಿದ. ಹೋಗಪ್ಪಾ ಮಾರಾಯಾ, ನಿನಗ ಕೈ ಮುಗಿತೇನಿ ಎಂದೆ.

ಊಟದ ಪಂಕ್ತಿ ನಡೆದಾಗ ನಾನು ಅಕ್ಕಿ ಚೀಲ ಇಟ್ಟ ಕೋಣೆಯಲ್ಲಿ ಕೂತು ಮನಸಾರೆ ಅತ್ತೆ. ವೈನಿ, ಅಂದರೆ ಆಗಷ್ಟೇ ತಾಳಿ ಕಟ್ಟಿಸಿಕೊಂಡ ಮದುಮಗಳು, ಹುಡುಕಿಕೊಂಡು ಬಂದಳು. "ಮಂದ್ಯಾಗ ಮಾನ ತಗದೆ, ಸಿಟ್ಟಾಗಬ್ಯಾಡ್ರಿ. ನಾ ಏನ ಮಾಡ್ತೇನಿ ಗೊತ್ತೇನು? ಪೇಷಂಟ್ ಬಂದ ಕೂಡ್ಲೆ ಮೊದಲ ಅವರ ಬಲಗೈ ಹಿಡಕೋತೇನಿ. ಆಮ್ಯಾಲೆ ತಪ್ಪೂದಿಲ್ಲ." ಮರುಪರೀಕ್ಷೆಯಲ್ಲಿ ಹಾಗೇ ಮಾಡಿದೆ. ಪರೀಕ್ಷೆಗೆ ಮಲಗಿದ್ದ ಅದೇ ಮನುಷ್ಯ ಈ ಸಲವೂ ನಕ್ಕ. ನಕ್ಕೊಳ್ಳಲಿ ಬಿಡು ಎಂದು ಬಲಗೈ ಗಟ್ಟಿಯಾಗಿ ಹಿಡಿದು ಗೆರೆ ಎಳೆದೆ, ಪಾಸಾದೆ.

ಈಗ ಸವಣೂರಿನಲ್ಲಿ ನನ್ನದೇ ಸಣ್ಣ ದವಾಖಾನೆ. ಬಂದವರ ಬಲಗೈ ಹಿಡಿಯುವ ಚಟ ಇನ್ನೂ ಬಿಟ್ಟಿಲ್ಲ. "ಡಾಕ್ಟರವ್ವ ಭಾಳ ಅಂತಃಕರಣದಾಕಿ, ಮೊದಲ ಕೈ ಹಿಡದು ಮಾತಾಡಸ್ತಾಳ" ಎಂದು ಹುಲಗೂರಿನಿಂದಲೂ ಜನ ಬರುತ್ತಾರೆ. ಖರೇ ಸಂಗತಿ ನಾನೂ ಹೇಳಲು ಹೋಗಿಲ್ಲ.

ಮೊನ್ನೆ ಹಾನಗಲ್ಲಿಗೆ ಹೋದಾಗ ಅಣ್ಣ, ನಾನು ಉಣ್ಣುತ್ತಿದ್ದೆವು. ವೈನಿ ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದಂತೆ ಹೇಳಿದಳು.

"ಖರೇ ಹೇಳ್ಲಿ? ಅವತ್ತು ಮಾವಾ ಒದರಿದ ಕೂಡ್ಲೆ ನಾನೂ ಗಾಬರ್ಯಾಗಿದ್ದೆ. ನೀವು ಲಿವರ್ ಬಲಗಡೆನ ಬರದಿದ್ರ, ನಾ ಮಣಿ ಬಿಟ್ಟು ಎದ್ದು ಹೋಗತಿದ್ದೆ."

ಅಣ್ಣನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವಳನ್ನು ನೋಡಿದ, ಮೂಲೆಯಲ್ಲಿ ಆಡುತ್ತಿದ್ದ ಇಬ್ಬರು ಮಕ್ಕಳನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಪುಣ್ಯಾತಗಿತ್ತಿ," ಎಂದ, "ನೀ ಆವಾಗ ನೆಟ್ಟಗ ಓದಲಾರದ್ದು ಎಷ್ಟ ಚೊಲೋ ಆತು ನೋಡು."