ಅಂಗಿ ಜೇಬಿನ ಇರುವೆಗಳು

ನನ್ನ ಹೆಸರು ಏಕಾಂತಪ್ಪ, ಊರು ಚಳ್ಳಕೆರೆ. ಟೆಂಪೊ ಓಡಿಸುವುದು ಕೆಲಸ. ಮಿಲ್ಲಿನಿಂದ ಶೇಂಗಾ ಎಣ್ಣೆಯ ಟಿನ್ನುಗಳನ್ನು ಹೇರಿಕೊಂಡು ತಳಕು, ಬಿ.ಜಿ.ಕೆರೆ, ಮೊಳಕಾಲ್ಮೂರು, ರಾಂಪುರದ ಹೋಟೆಲ್ಲುಗಳಿಗೂ ಕಿರಾಣಿ ಅಂಗಡಿಗಳಿಗೂ ಇಳಿಸಿ ಬರುತ್ತಿದ್ದೆ. ಹೊಟ್ಟೆಬಾಕನಿಗೆ ಇಂಥ ಕೆಲಸ ಕೊಟ್ಟಿದ್ದು ದೇವರೋ ದೆವ್ವವೋ, ಇವತ್ತಿಗೂ ತಿಳಿದಿಲ್ಲ. ನಾನು ಎಣ್ಣೆ ಇಳಿಸಿದ ಕಡೆಯಲ್ಲೆಲ್ಲ ಬಾಣಲೆ ಕಾದಿರುತ್ತಿತ್ತು. ತಳಕಿನಲ್ಲಿ ಮೆಣಸಿನಕಾಯಿ ಬಜ್ಜಿ, ಬಿ.ಜಿ.ಕೆರೆಯಲ್ಲಿ ಚಹಾ, ಮೊಳಕಾಲ್ಮೂರಿನಲ್ಲಿ ಜಿಲೇಬಿ. ರಾಂಪುರ ಮುಟ್ಟುವಷ್ಟರಲ್ಲಿ ಟೆಂಪೊ ಹಗುರಾಗಿ ನಾನು ಭಾರವಾಗಿರುತ್ತಿದ್ದೆ.

ಈ ಚಪಲ ಹುಟ್ಟಿನಿಂದ ಬಂದದ್ದು. ಏಳು ವರ್ಷದವನಿದ್ದಾಗ ದೇವರಿಗೆ ಇಟ್ಟ ಎಡೆಯಲ್ಲಿನ ಹೋಳಿಗೆಯನ್ನು ಪೂಜೆಗೆ ಮೊದಲೇ ತಿಂದು, ಅವ್ವನ ಕೈಯಲ್ಲಿ ಪೊರಕೆ ಏಟು ತಿಂದವನು ನಾನು. ಏಟಿನ ನೋವು ಮರೆತಿದೆ. ಹೋಳಿಗೆಯ ರುಚಿ ಮಾತ್ರ ನೆನಪಿದೆ.

ನನಗೆ ಗಂಟುಬಿದ್ದವಳು ಜಗದಾಂಬ. ನನ್ನಂತೆ ಕಂಡದ್ದೆಲ್ಲ ತಿನ್ನುವವಳಲ್ಲ, ಅವಳಿಗೆ ಬೇಕಾದದ್ದು ಸಿಹಿಯೊಂದೇ. ಮಜ್ಜಿಗೆ ಅನ್ನಕ್ಕೂ ಬೆಲ್ಲ ನಂಚಿಕೊಳ್ಳುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಬೆಲ್ಲದ ಡಬ್ಬಿಯನ್ನು ನಮ್ಮವ್ವನಿಗೆ ಕಾಣದಂತೆ ತೆಗೆಯುವಾಗ ನಾನೇ ಕಾವಲು ನಿಲ್ಲುತ್ತಿದ್ದೆ. ಮಕ್ಕಳಾಗಲಿಲ್ಲ. ಅವ್ವ ಹೋದ ಮೇಲೆ ಇಬ್ಬರೇ ಇದ್ದೆವು, ತಿಂದುಕೊಂಡು ಚೆನ್ನಾಗಿದ್ದೆವು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ರಾಂಪುರದಲ್ಲಿ ಟಿನ್ನು ಇಳಿಸುತ್ತಾ ಕಣ್ಣು ಕತ್ತಲೆ ಬಂದು ಬಿದ್ದೆ. ರಕ್ತ ತೆಗೆದು ನೋಡಿದರೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಬಾಯಿ ಕಟ್ಟಲಿಲ್ಲ ಅಂದ್ರೆ ಕಾಲು ಹೋಗ್ತೈತೆ, ಕಣ್ಣು ಹೋಗ್ತೈತೆ" ಅಂದರು. ನಾನು ಹೂಂ ಅಂದೆ. ಜಗದಾಂಬ ಆ ಸೋಮವಾರ ನನ್ನನ್ನು ನಾಯಕನಹಟ್ಟಿಗೆ ಕರೆದುಕೊಂಡು ಹೋಗಿ ತಿಪ್ಪೇಸ್ವಾಮಿಯ ಮುಂದೆ ನಿಲ್ಲಿಸಿ, ಗಟ್ಟಿಯಾಗಿಯೇ ಹೇಳಿದಳು: "ಇವರ ಸಕ್ಕರೆ ಸರಿಯಾಗೈತೆ ಅಂತ ಡಾಕ್ಟರ ಬಾಯಾಗೆ ಬರೋವರೆಗೂ ನಾನು ಸಿಹಿ ಮುಟ್ಟಲ್ಲಪ್ಪ, ನನ್ ತಂದೆ."

ಬಿಟ್ಟರೆ ಅವಳು ನನ್ನನ್ನಾದರೂ ಬಿಟ್ಟಾಳು, ಬೆಲ್ಲ ಬಿಟ್ಟಾಳೆಯೇ? ಆದರೆ ಬಿಟ್ಟಳು. ಮನೆಗೆ ಬಂದವಳೇ ಬೆಲ್ಲದ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟಳು. ಅವತ್ತಿನಿಂದ ಚಹಾಕ್ಕೂ ಸಕ್ಕರೆ ಇಲ್ಲ.

ನಾನು ಒಂದು ತಿಂಗಳು ಪಥ್ಯ ಮಾಡಿದೆ. ಸುಳ್ಳು ಯಾಕೆ, ಇಪ್ಪತ್ತು ದಿನ. ಆಮೇಲೊಂದು ಮಧ್ಯಾಹ್ನ ಮೊಳಕಾಲ್ಮೂರಿನಲ್ಲಿ ಯರ್ರಪ್ಪನ ಹೋಟೆಲ್ಲಿನ ಮುಂದೆ ಜಿಲೇಬಿ ಪಾಕದಿಂದ ಮೇಲೆ ಬರುತ್ತಿತ್ತು. ಒಂದೇ ಒಂದು ಅಂದುಕೊಂಡೆ. ಮನೆಯಲ್ಲಿ ತಿಂದರೆ ತಪ್ಪು, ದಾರಿಯಲ್ಲಿ ತಿಂದದ್ದು ಲೆಕ್ಕಕ್ಕಿಲ್ಲ ಎಂದು ನನಗೆ ನಾನೇ ಒಂದು ಕಾನೂನು ಮಾಡಿಕೊಂಡೆ. ಥೂ ನನ್ನ ಕಾನೂನಿಗಿಷ್ಟು! ಒಂದು ಹೋಗಿ ಎರಡಾಯಿತು, ಎರಡು ಹೋಗಿ ದಿನದ ರೂಢಿಯಾಯಿತು. ಇನ್ನೊಂದನ್ನು ಪೇಪರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು, ಊರು ಹತ್ತಿರ ಬಂದಾಗ ಟೆಂಪೊ ನಿಲ್ಲಿಸಿ ತಿಂದು, ಬಾಯಿ ತೊಳೆದುಕೊಂಡು ಮನೆಗೆ ಹೋಗುತ್ತಿದ್ದೆ.

ಭಾನುವಾರ ಕಿರಾಣಿ ಅಂಗಡಿಗೆ ಹೋಗುವವನೂ ನಾನೇ. ಜಗದಾಂಬ ಬರೆದ ಚೀಟಿಯಲ್ಲಿ ತೊಗರಿಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು, ಸಾಸಿವೆ ಎಲ್ಲ ಇರುತ್ತಿದ್ದವು. ಮೊದಲೆಲ್ಲ ಮೊದಲ ಸಾಲಿಗೇ ಬರುತ್ತಿದ್ದ ಬೆಲ್ಲ ಇರುತ್ತಿರಲಿಲ್ಲ. ನಾನು ಅಂಗಡಿಯಲ್ಲಿ ನಿಂತು, "ಹೊಸ ಬೆಲ್ಲ ಹೆಂಗೈತಪ್ಪ ಈ ಸಲ?" ಅಂತ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ತಗೊಳ್ಳುವವನ ಹಾಗೆ ತಲೆಯಾಡಿಸಿ ಇನ್ನೊಂದು ಚೂರು. ಆಮೇಲೆ ಚೀಟಿಯಲ್ಲಿದ್ದದ್ದನ್ನು ಮಾತ್ರ ಚೀಲಕ್ಕೆ ಹಾಕಿಸಿಕೊಂಡು, ಬಲು ಯೋಗ್ಯನಂತೆ ಮನೆಗೆ ಬರುತ್ತಿದ್ದೆ.

ಮಧ್ಯಾಹ್ನ ಟಿ.ವಿ.ಯಲ್ಲಿ ಅಡುಗೆ ಕಾರ್ಯಕ್ರಮ. ರೇಷ್ಮೆ ಸೀರೆ ಉಟ್ಟ ಒಬ್ಬಾಕೆ ಒಲೆ ಮುಂದೆ ನಿಂತು ನಗುವುದು, ಹೆಚ್ಚಿದ ಈರುಳ್ಳಿ ಬಟ್ಟಲಲ್ಲಿ ಸಿದ್ಧವಾಗಿ ಬಂದು ಕೂತಿರುವುದು, ಜಾಹೀರಾತು ಮುಗಿಯುವಷ್ಟರಲ್ಲಿ ಬೇಳೆ ಬೆಂದುಬಿಡುವುದು! "ಇವಳ ಮನೆ ಪಾತ್ರೆ ಯಾರು ತೊಳಿತಾರಂತೆ ಕೇಳು" ಅಂತ ನಾನು ರೇಗಿಸುತ್ತಿದ್ದೆ. ಜಗದಾಂಬ ನನ್ನ ಕಡೆ ನೋಡದೆ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಹಾಗಲಕಾಯಿ, ಮೆಂತ್ಯ, ನುಗ್ಗೆಸೊಪ್ಪು, ಎಲ್ಲ ನನ್ನ ಕಾಯಿಲೆಗೆ. ಒಂದು ಭಾನುವಾರ ಕಾಯಿ ಹೋಳಿಗೆ ತೋರಿಸಿದರು. ಅವಳು ಪೆನ್ನು ಕೆಳಗಿಟ್ಟಳು. ಆಕೆ ಹೂರಣಕ್ಕೆ ಏಲಕ್ಕಿ ಹಾಕುವಾಗ ಜಗದಾಂಬ ಟಿ.ವಿ.ಯಿಂದಲೇ ವಾಸನೆ ಬಂದಂತೆ ಮೂಗರಳಿಸಿ ಉಸಿರೆಳೆದಳು, ಆಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡಳು. ಹಿಂದಿನ ದಿನ ತಾನೇ ಮೂರು ಜಿಲೇಬಿ ತಿಂದಿದ್ದ ನನಗೆ ನನ್ನ ಮೇಲೇ ಅಸಹ್ಯವಾಯಿತು. ಸೋಮವಾರ ಮತ್ತೆ ತಿಂದೆ.

ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಅದಕ್ಕೆ ಎರಡು ದಿನ ಮೊದಲು ನಾನು ಮಜ್ಜಿಗೆ ಕುಡಿದುಕೊಂಡು ಮಹಾ ಪಥ್ಯ ಮಾಡುತ್ತಿದ್ದೆ. ಆದರೂ ಇಳಿಯುತ್ತಿರಲಿಲ್ಲ. ಪ್ರತಿ ಸಲವೂ ಆಸ್ಪತ್ರೆಯ ಬಾಗಿಲಲ್ಲಿ ಜಗದಾಂಬ ನನ್ನ ಮುಖ ನೋಡುವಳು. ನಾನು ಇಲ್ಲ ಅಂತ ತಲೆಯಾಡಿಸುವೆ. "ಆತು ಬಿಡ್ರಿ, ಇನ್ನೊಂದು ಮೂರು ತಿಂಗಳು" ಅನ್ನುವಳು. ಅವಳಿಗೆ ಬಿಡುಗಡೆ ಕೊಡುವುದು ನನ್ನ ಬಾಯಿಯಲ್ಲೇ ಇತ್ತು. ಆ ಬಾಯಿ ಜಿಲೇಬಿ ತಿನ್ನುತ್ತಿತ್ತು.

ಮನೆಯಲ್ಲಿ ಒಂದು ವಿಚಿತ್ರ. ನಾನು ಅಂಗಿ ನೇತುಹಾಕುವ ಗೂಟದ ಕೆಳಗೆ ಬೆಳಿಗ್ಗೆ ಎದ್ದರೆ ಇರುವೆ ಸಾಲು. ಜಗದಾಂಬ ಗುಡಿಸಿ ಹಾಕುತ್ತಾ, "ಒಂದು ಚಿಟಿಕೆ ಸಕ್ಕರೆ ಇಲ್ಲದ ಮನೆಗೆ ಇವು ಯಾಕೆ ಬರ್ತಾವೋ" ಅನ್ನುವಳು. "ಮಳೆಗಾಲ ಅಲ್ವೇ" ಅನ್ನುತ್ತಿದ್ದೆ. ನಮ್ಮ ಸೀಮೆಗೆ ಮಳೆ! ಅವಳು ನಂಬಿದಳು ಅಂದುಕೊಂಡೆ.

ಎರಡು ಸಾವಿರದ ಎರಡರಲ್ಲಿ ನನ್ನಕ್ಕನ ಮಗಳು ಸುನಿತಾಳ ಮದುವೆ ಗೊತ್ತಾಯಿತು. ಸೀರೆಯನ್ನು ಮೊಳಕಾಲ್ಮೂರಿನಲ್ಲಿ ನೇಯುವವರ ಮನೆಯಿಂದಲೇ ತರಬೇಕು ಎಂದು ಜಗದಾಂಬ ಹಟ ಹಿಡಿದಳು. "ಬಸ್ಸಿಗೆ ಯಾಕೆ, ನಿಮ್ಮ ಟೆಂಪೊದಾಗೇ ಬರ್ತೀನಿ" ಅಂದಳು. "ಬಿಸಿಲೈತೆ, ಕುಲುಕಾಟ" ಅಂತ ಏನೇನೋ ಹೇಳಿದೆ. ಅವಳು ಆಗಲೇ ಇಬ್ಬರಿಗೂ ರೊಟ್ಟಿ ಕಟ್ಟಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಿದ್ದಳು.

ತಳಕಿನಲ್ಲಿ ಬೀಸೋ ದೊಣ್ಣೆ ತಪ್ಪಿತು, ಹೋಟೆಲ್ಲಿನವನು ಊರಲ್ಲಿರಲಿಲ್ಲ. ಬಿ.ಜಿ.ಕೆರೆಯಲ್ಲಿ ತಪ್ಪಲಿಲ್ಲ. ಚಹಾದಂಗಡಿಯ ಜಿಲಾನ್ ಬಾಷಾ ದೂರದಿಂದಲೇ ಕೈಯೆತ್ತಿದ. "ಆವೋ ಏಕಾಂತಣ್ಣ! ನಿಮ್ದು ಮೂರು ಚಮಚ ಸಕ್ಕರೆ ಚಾಯ್ ರೆಡಿ. ಭಾಬಿಗೂ ಹಂಗೇ ಮಾಡ್ಲಾ?"

"ನಂಗೆ ಸಕ್ಕರೆ ಬ್ಯಾಡಣ್ಣ" ಅಂದಳು ಜಗದಾಂಬ. ನನ್ನ ಕಡೆ ತಿರುಗಲಿಲ್ಲ. ನಾನು ಚಹಾ ಮುಟ್ಟದೆ, ಹೊತ್ತಾಯಿತು ಅಂತ ಗಾಡಿ ಹತ್ತಿದೆ.

ಮೊಳಕಾಲ್ಮೂರಿನಲ್ಲಿ ಯರ್ರಪ್ಪ ಗಲ್ಲಾಪೆಟ್ಟಿಗೆ ಬಿಟ್ಟೇ ಎದ್ದು ಬಂದ. "ರಾ ಅಣ್ಣಾ, ರಾ! ಎರಡು ದಿನ ಬರ್ಲಿಲ್ಲ, ನಿನ್ನ ಜಿಲೇಬಿ ಎತ್ತಿಟ್ಟು ಎತ್ತಿಟ್ಟು ಸಾಕಾತು."

ನಾನು ಕಣ್ಣು ಮಿಟುಕಿಸಿದೆ.

"ಕಣ್ಣಿಗೇನಾತಣ್ಣಾ, ಧೂಳು ಬಿತ್ತಾ?" ಅಂದ ಆ ಮುಟ್ಠಾಳ. ಜಗದಾಂಬಳ ಕಡೆ ತಿರುಗಿ, "ವದಿನಾ, ಕೂತ್ಕಳ್ಳಿ. ಈ ಮೂರು ವರ್ಷದಾಗೆ ನಮ್ಮ ಜಿಲೇಬಿಗೆ ಅಣ್ಣನಂಥ ಗಿರಾಕಿ ಇನ್ನೊಬ್ಬನಿಲ್ಲ." ಎರಡು ಬಿಸಿ ಜಿಲೇಬಿ ತಂದು ನನ್ನ ಮುಂದೆ ಇಟ್ಟ.

ಜಗದಾಂಬ ತಟ್ಟೆಯನ್ನು ಸ್ವಲ್ಪ ನನ್ನ ಹತ್ತಿರಕ್ಕೆ ಸರಿಸಿದಳು. "ತಿನ್ರಿ. ಆರಿಹೋಗ್ತೈತೆ."

ಇಲ್ಲಿ ನಾನು ತಟ್ಟೆಯನ್ನು ಹಿಂದಕ್ಕೆ ತಳ್ಳಿದೆ ಎಂದು ಬರೆಯಬಹುದಿತ್ತು. ತಳ್ಳಲಿಲ್ಲ. ಅವಳು ನೋಡುತ್ತಿದ್ದಂತೆಯೇ ಎರಡನ್ನೂ ತಿಂದೆ. ಬಿಸಿಯಾಗಿದ್ದವು, ಗರಿಗರಿಯಾಗಿದ್ದವು, ತಿಂದೆ.

ನೇಯುವವರ ಮನೆ ಎರಡು ಓಣಿ ಆಚೆ. ಮನೆಯೊಡತಿ ರೇಣುಕಮ್ಮ ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿ ಸೀರೆ ಬಿಡಿಸಿದಳು. ಕೆಂಪು ಒಡಲು, ಹಸಿರು ಅಂಚು. ಒಪ್ಪಿದೆವು. ಆಕೆ ತಟ್ಟೆಯಲ್ಲಿ ಸಕ್ಕರೆ ತಂದಳು. "ಮದುವೆ ಸೀರೆ ತಗೊಂಡೋರು ಬಾಯಿ ಸಿಹಿ ಮಾಡ್ಕೊಂಡೇ ಹೋಗ್ಬೇಕಮ್ಮ, ನಮ್ಮನೆ ಪದ್ಧತಿ."

ಜಗದಾಂಬ ಸಕ್ಕರೆಯನ್ನು ಅಂಗೈಗೆ ತೆಗೆದುಕೊಂಡು, ಪೇಪರಿನ ಚೂರೊಂದನ್ನು ಕೇಳಿ ಪೊಟ್ಟಣ ಕಟ್ಟಿದಳು. "ಬ್ಯಾಸರ ಮಾಡ್ಕೋಬ್ಯಾಡಮ್ಮ, ಹರಕೆ ಐತೆ. ನಮ್ಮನೆಯವರ ಸಕ್ಕರೆ ಇಳಿದ ದಿನ ಇದನ್ನೇ ಬಾಯಿಗೆ ಹಾಕ್ಕೊಂತೀನಿ."

"ಅಣ್ಣೋರು ಪಥ್ಯ ಮಾಡಲ್ವೇನು?"

"ಅಯ್ಯೋ, ಮಾಡ್ತಾರಮ್ಮ! ಪಾಪ, ಮೂರು ವರ್ಷದಿಂದ ಬಾಯಿ ಕಟ್ಟಿದಾರೆ. ಏನ್ ಮಾಡಿದ್ರೂ ಇಳಿವಲ್ದು."

ನನ್ನ ಬೆರಳುಗಳು ಇನ್ನೂ ಪಾಕದಿಂದ ಅಂಟುತ್ತಿದ್ದವು. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಅಲ್ಲೇ ನನ್ನ ಕೆನ್ನೆಗೆ ಬಾರಿಸಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು.

ವಾಪಸ್ಸು ಬರುವಾಗ ಅಲ್ಲೇ ಪಕ್ಕದ ಹಾನಗಲ್ಲು ದಾಟಿದ ಮೇಲೆ ಟೆಂಪೊವನ್ನು ಹುಣಸೆಮರದ ಕೆಳಗೆ ನಿಲ್ಲಿಸಿದೆ. "ಬೈಯಿ, ಬೈದುಬಿಡು ನನ್ನ" ಅಂದೆ.

"ಯಾಕೆ ಬೈಲಿ?"

"ಇವತ್ತು ಎಲ್ಲ ಗೊತ್ತಾತಲ್ಲ ನಿಂಗೆ."

"ಇವತ್ತಾ?" ಅಂದಳು. "ಇರುವೆಗೆ ಗೊತ್ತಾಗಿದ್ದು ನಂಗೆ ಗೊತ್ತಾಗಲ್ವೇನ್ರಿ? ನಿಮ್ಮ ಅಂಗಿ ಒಗೆಯೋಳು ನಾನು. ಮೊದಲನೇ ವರ್ಷದಿಂದ ಜೇಬಿನಾಗೆ ಪಾಕದ ಕಲೆ ಉಜ್ಜಿ ಉಜ್ಜಿ ಸಾಕಾಗೈತೆ."

"ಮತ್ತೆ ನೀನ್ಯಾಕೆ ಹರಕೆ ಬಿಡ್ಲಿಲ್ಲ?"

"ಮಾತು ಕೊಟ್ಟೋಳು ನಾನು. ನೀವು ತಿಂತೀರಿ ಅಂತ ನಾನು ಮಾತು ತಪ್ಲಾ? ಒಂದಲ್ಲ ಒಂದಿನ ನಿಮಗೇ ಸಾಕಾಗ್ತೈತೆ ಅಂತ ಸುಮ್ನಿದ್ದೆ."

"ಆಯಮ್ಮನ ಮುಂದೆ ಸುಳ್ಳು ಹೇಳಿದ್ಯಲ್ಲೇ."

"ಹೊರಗಿನೋರ ಮುಂದೆ ನಿಮ್ಮ ಮಾನ ಕಳೀಲಾ? ಗಾಡಿ ತೆಗೀರಿ, ದನ ಬರೋ ಹೊತ್ತಾತು."

ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ನಲವತ್ತೈದು ವರ್ಷದ ಗಂಡಸು, ಜಿಲೇಬಿಗಾಗಿ ಅತ್ತೆ ಅಂದರೆ ಯಾರಾದರೂ ನಗುತ್ತಾರೆ.

ಮಾರನೆಯ ದಿನ ದಾರಿಯ ಹೋಟೆಲ್ಲುಗಳಲ್ಲೆಲ್ಲ ಹೇಳಿದೆ, ಇನ್ನು ಮೇಲೆ ನಾನು ಕಾಲಿಗೆ ಬಿದ್ದು ಕೇಳಿದರೂ ಸಿಹಿ ಕೊಡಬೇಡಿ ಅಂತ. ಯರ್ರಪ್ಪ ನಕ್ಕ. ಆಮೇಲೆ ನನ್ನ ಮುಖ ನೋಡಿ, ಎತ್ತಿಟ್ಟಿದ್ದ ಜಿಲೇಬಿಯನ್ನು ವಾಪಸ್ಸು ತಟ್ಟೆಗೆ ಹಾಕಿದ. ಎರಡು ಸಲ ಜಾರಿದೆ. ಎರಡೂ ಸಲ ಮನೆಗೆ ಬಂದು ಹೇಳಿದೆ. ಜಗದಾಂಬ ಹೂಂ ಅಂದು ರೊಟ್ಟಿ ಬಡಿಸಿದಳು. ಚಪಲವೇನೂ ಸತ್ತಿಲ್ಲ, ಈಗಲೂ ಜಿಲೇಬಿ ಬಾಣಲೆಯ ಮುಂದೆ ನನ್ನ ಕಾಲು ತಡೆಯುತ್ತದೆ. ಗೂಟದ ಕೆಳಗೆ ಇರುವೆ ಬರುವುದು ಮಾತ್ರ ನಿಂತಿತು.

ಎರಡು ಸಾವಿರದ ನಾಲ್ಕರಲ್ಲಿ ಡಾಕ್ಟರು ಚೀಟಿ ನೋಡಿ, "ಸರಿಯಾಗೈತೆ ಕಣಪ್ಪ, ಹಿಂಗೇ ಇರ್ಲಿ" ಅಂದರು. ಹೊರಗೆ ಬಂದು ಜಗದಾಂಬಳ ಮುಖ ನೋಡಿ ಹೂಂ ಅಂತ ತಲೆಯಾಡಿಸಿದೆ. ಐದು ವರ್ಷದಲ್ಲಿ ಮೊದಲನೇ ಸಲ. ನಾಯಕನಹಟ್ಟಿಗೆ ಹೋಗಿ ಕಾಯಿ ಒಡೆಸಿ ಬಂದೆವು.

ಮನೆಯಲ್ಲಿ ಅವಳನ್ನು ಕೂರಿಸಿ ನಾನೇ ಚಹಾ ಕಾಯಿಸಿದೆ. ರೇಣುಕಮ್ಮ ಕೊಟ್ಟ ಪೊಟ್ಟಣ ದೇವರ ಗೂಡಿನಲ್ಲಿತ್ತು. ಸಕ್ಕರೆ ಗಟ್ಟಿಯಾಗಿ ಹೆಂಟೆ ಕಟ್ಟಿತ್ತು. ಕುಟ್ಟಿ ಪುಡಿ ಮಾಡಿ ಅಷ್ಟನ್ನೂ ಅವಳ ಲೋಟಕ್ಕೆ ಹಾಕಿ ಕಲಕಿ ಕೊಟ್ಟೆ. ಎದುರಿಗೆ ಕೂತು ನೋಡುತ್ತಿದ್ದೆ.

ಜಗದಾಂಬ ಒಂದು ಗುಟುಕು ಕುಡಿದಳು. ಮುಖ ಕಿವುಚಿದಂತಾಯಿತು. ನನಗೆ ಬೇಸರವಾದೀತೆಂದು ಇನ್ನೊಂದು ಗುಟುಕು ಕುಡಿದಳು. ಆಮೇಲೆ ಲೋಟ ಕೆಳಗಿಟ್ಟಳು.

"ಯಾಕೆ?" ಅಂದೆ.

"ಬಾಯೆಲ್ಲ ಅಂಟಂಟು ಆಗ್ತೈತೆ ಕಣ್ರಿ. ಅಭ್ಯಾಸ ತಪ್ಪೋಗೈತೆ."

ಲೋಟದ ಕಡೆ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚು ಮಾತೂ ಅಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದಳು.

"ಇದಕ್ಕೇನಾ ನೀವು ಅಷ್ಟೊಂದು ಸುಳ್ಳು ಹೇಳಿದ್ದು?"

ಎದ್ದು ಹೋಗಿ ಇಬ್ಬರಿಗೂ ಸಕ್ಕರೆ ಇಲ್ಲದ ಚಹಾ ಕಾಯಿಸಲು ಇಟ್ಟೆ.