ಎರೆಭೂತ

ನಮ್ಮೂರು ವಳಕಮದಿನ್ನಿಗೆ ಕಾಲುವೆ ನೀರು ಬಂದ ಮೇಲೆ ಕಪ್ಪು ಎರೆಹೊಲಗಳೆಲ್ಲ ಭತ್ತದ ಗದ್ದೆಗಳಾದವು. ನಮ್ಮ ಹೊಲದ ಪಕ್ಕದ ಹುಲ್ಲುಬೀಳೊಂದೇ ಉಳಿದಿತ್ತು. ಅಪ್ಪನಿಗೆ ಬುತ್ತಿ ಒಯ್ಯುವಾಗ ಅದನ್ನು ದಾಟಬೇಕು. ಹುಲ್ಲಿನೊಳಗಿಂದ "ಹೂಂ..." ಎಂಬ ದನಿ ಬಂದು ಎದೆಗೇ ತಾಕುತ್ತಿತ್ತು. ಬುತ್ತಿಗಂಟು ಅವಚಿಕೊಂಡು ಓಡುತ್ತಿದ್ದೆ. "ಅದು ಎರೆಭೂತ" ಎಂದಷ್ಟೇ ಅವ್ವ ಹೇಳಿದ್ದಳು.

ಆ ಬೀಳು ಕೊಂಡ ಆಂಧ್ರದ ರೈತನೂ ಹೆಸರು ಕೇಳಿಯೇ ಬೆವರಿದ. "ಭೂತಮಾ?" ಎಂದವನು ಬದುವಿನ ಮೇಲೆ ಕಾಯಿ ಒಡೆದು, ಉಳದೆ ಹಾಗೇ ಬಿಟ್ಟ. ಮರುವರ್ಷವೂ ಬಿಟ್ಟ.

ನನ್ನ ಸೋದರಮಾವನ ಬಾಯಿ ಸುಮ್ಮನಿರಬೇಕಲ್ಲ! ಕಟ್ಟೆಯ ಮೇಲೆ ಕೂತು, ಆ ರೈತನೆದುರೇ ಬಿದ್ದು ಬಿದ್ದು ನಕ್ಕ.

"ದೆವ್ವ ಅಲ್ರೀ, ಎರೆಭೂತ ಅಂದ್ರ ಹಕ್ಕಿ! ಕುರಿಮರಿಯಷ್ಟು ದೊಡ್ಡದಿರತೈತಿ, ಹುಲ್ಲಾಗ ತತ್ತಿ ಇಡತೈತಿ. ಅದಕ್ಯಾಕ ಹೆದರತೀರಿ?"

ರೈತನ ಹೆದರಿಕೆ ಹೋಯಿತು. ಮರುದಿನವೇ ಟ್ರ್ಯಾಕ್ಟರ್ ಬಂತು.

ನನ್ನ ಹೆದರಿಕೆ ಹೋಗಿರಲಿಲ್ಲ. ಬುತ್ತಿ ಹಿಡಿದು, ಕಿವಿಗೊಟ್ಟು ನಡೆದೆ. ದನಿಯೇ ಇಲ್ಲ. ಉತ್ತ ಹೆಂಟೆಗಳ ನಡುವೆ ಉದ್ದ ಕತ್ತಿನ ದೊಡ್ಡ ಹಕ್ಕಿಯೊಂದು ನಿಂತಿತ್ತು. ನಾನು ಕಾಲು ಕೀಳುವ ಮೊದಲೇ, ನನ್ನನ್ನು ಕಂಡು ಭೂತವೇ ಓಡತೊಡಗಿತು. ಅತ್ತ ಓಡಿತು, ಇತ್ತ ಓಡಿತು. ಅಡಗಲು ಒಂದು ಕಡ್ಡಿ ಹುಲ್ಲೂ ಇರಲಿಲ್ಲ.